ಟಾಕೀಸು ಓಣಿಯ ಬೈಟು ಚಹಾ

ಕೊಪ್ಪಳದಿಂದ ಗಂಗಾವತಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಉಗುರು ಬಣ್ಣದ ಶೀಶೆಯ ಮುಚ್ಚಳ ತೆರೆದಳು. ಕುಲುಕುವ ಬಸ್ಸಿನಲ್ಲಿ ಬಣ್ಣ ಹಚ್ಚಿಕೊಳ್ಳುವುದೂ ಒಂದು ವಿದ್ಯೆಯೇ ಇರಬೇಕು. ಗುಂಡಿ ಬಂದಾಗ ಕೈ ಎತ್ತಿ, ರಸ್ತೆ ಸಮವಾದಾಗ ಇಳಿಸಿ, ಐದೂ ಬೆರಳನ್ನು ಅಂದವಾಗಿ ಮುಗಿಸಿದಳು. ಆ ವಾಸನೆ ನೇರ ನನ್ನ ತಲೆಗೆ ಏರಿತು. ತೀರಾ ಹಣ್ಣಾದ ಬಾಳೆಹಣ್ಣಿಗೆ ಸ್ಪಿರಿಟ್ ಸವರಿದರೆ ಹೇಗಿರುತ್ತದೋ ಹಾಗೆ. ನನ್ನ ಪಕ್ಕದಲ್ಲಿದ್ದವರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡರು. ನಾನು ಇನ್ನಷ್ಟು ಮುಂದಕ್ಕೆ ಬಾಗಿ ಕೂತೆ.

ಮೂವತ್ತು ವರ್ಷಕ್ಕೂ ಹಿಂದೆ ಅದೇ ವಾಸನೆ ಒಬ್ಬರ ಬೆರಳುಗಳಲ್ಲಿ ಇರುತ್ತಿತ್ತು. ತುಂಡಾದ ಸಿನಿಮಾ ರೀಲನ್ನು ಕೂಡಿಸುವ ಅಂಟಿಗೂ ಹೀಗೇ ವಾಸನೆ. ಎಷ್ಟು ಸೋಪು ಹಾಕಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಚಹಾದ ಗ್ಲಾಸು ಎತ್ತಿದರೆ ಚಹಾದ ಘಮಕ್ಕಿಂತ ಮೊದಲು ಅದು ಬರುತ್ತಿತ್ತು...

ಹುಡುಗಿಯ ಗೆಳತಿ ಫೋನು ಹಿಡಿದು ಗಂಗಾವತಿಯಲ್ಲಿ ಎಲ್ಲಿ ತಿನ್ನಬೇಕೆಂದು ಹುಡುಕುತ್ತಿದ್ದಳು. “ಇದಕ್ಕ ನಾಕೂವರಿ ಸ್ಟಾರ್ ಐತಿ. ಅದಕ್ಕ ಮೂರ ಐತಿ, ಬ್ಯಾಡ” ಎಂದು ತೀರ್ಪು ಕೊಡುತ್ತಿದ್ದಳು. ಆ ಊರಿನಲ್ಲಿ ಎಲ್ಲಿ, ಯಾವ ಹೊತ್ತಿಗೆ, ಏನು ತಿನ್ನಬೇಕೆಂದು ಗೊತ್ತಿದ್ದ ಒಬ್ಬರಿದ್ದರಮ್ಮ ಎಂದು ಹೇಳಬೇಕೆನಿಸಿತು. ಅರವತ್ತು ದಾಟಿದ ಮುದುಕ ಹುಡುಗಿಯರ ಮಾತಿನಲ್ಲಿ ಬಾಯಿ ಹಾಕುವುದು ಚೆನ್ನಾಗಿರುವುದಿಲ್ಲ.

ನಾನು ಗಂಗಾವತಿಗೆ ಮೊದಲು ಹೋದಾಗ ನನಗೆ ಇಪ್ಪತ್ತೆಂಟು. ಕುಕನೂರಿನ ಕಡೆಯವನು ನಾನು, ಒಣ ಎರೆಭೂಮಿಯವನು. ಕಾಲುವೆ ನೀರಿನ ಕಾಗದಪತ್ರ ನೋಡುವ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತ್ತು. ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಓಣಿಗಳು ಖಾಲಿಯಾಗುತ್ತವೆ. ಗಂಗಾವತಿಯಲ್ಲಿ ಆ ಹೊತ್ತಿಗೆ ಊರು ಮೈ ಕೊಡವಿ ಏಳುತ್ತಿತ್ತು. ಭತ್ತ ಮಾರಿದವರು, ಅಕ್ಕಿ ಗಿರಣಿಯವರು, ಕಾಲುವೆ ನೀರಿಗೆಂದು ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ಮಂದಿ, ಹುಣ್ಣಿಮೆಯಂದು ಹುಲಿಗೆಮ್ಮನ ದರ್ಶನ ಮುಗಿಸಿ ಟ್ರಾಕ್ಟರಿನಲ್ಲಿ ಬಂದವರು, ಎಲ್ಲರೂ ಟಾಕೀಸು ಓಣಿಗೇ ಬರುತ್ತಿದ್ದರು. ಅಕ್ಕಪಕ್ಕದಲ್ಲಿ ಮೂರು ಟಾಕೀಸು, ನಡುವೆಲ್ಲ ತಿನ್ನುವ ಕುಡಿಯುವ ಅಂಗಡಿಗಳು. ಎಲ್ಲರ ಜೊತೆಗೂ ಯಾರೋ ಒಬ್ಬರು ಇರುತ್ತಿದ್ದರು. ನಾನು ಒಬ್ಬನೇ ಇರುತ್ತಿದ್ದೆ.

ನನ್ನ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೋವು ಇತ್ತು, ಅಡುಗೆ ಮಾಡುವ ಮನಸ್ಸು ಇರಲಿಲ್ಲ. ಒಬ್ಬನಿಗಾಗಿ ಅಕ್ಕಿ ತೊಳೆಯುವುದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಹಾಗಾಗಿ ಕಚೇರಿ ಬಿಟ್ಟವನು ಓಣಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ತಿಂದೆ. ಎರಡು ತಿಂಗಳಲ್ಲಿ ಹೊಟ್ಟೆ ಮುಷ್ಕರ ಹೂಡಿತು. ಒಂದು ಸಂಜೆ ಆ ಮೂರರಲ್ಲಿ ಒಂದು ಟಾಕೀಸಿನ ಎದುರಿನ ಚಹಾದಂಗಡಿಯಲ್ಲಿ ತಣ್ಣಗಾದ ಮಿರ್ಚಿ ಹಿಡಿದು ಕೂತಿದ್ದಾಗ ಎದುರು ಬೆಂಚಿನಿಂದ ಒಂದು ಧ್ವನಿ ಬಂತು.

“ಮ್ಯಾಟಿನಿ ಇಂಟ್ರವೆಲ್ಲಿನ ಮಿರ್ಚಿ ಈಗ ತಿಂತೀರಲ್ರಿ. ಹೊಟ್ಟಿ ಸರ್ಕಾರದ್ದೇನು?”

ನೋಡಿದೆ. ಐವತ್ತರ ಆಸುಪಾಸಿನ ಒಬ್ಬ ತೆಳ್ಳನೆಯ ಮನುಷ್ಯ, ಗಡ್ಡ ಅರ್ಧ ನೆರೆತಿತ್ತು, ಅಂಗಿಯ ತೋಳಿನಲ್ಲಿ ಸಣ್ಣ ಸಣ್ಣ ಸುಟ್ಟ ತೂತುಗಳು. ಟಾಕೀಸಿನ ಆಪರೇಟರ್. ಮೇಲಿನ ಕೋಣೆಯಲ್ಲಿ ಯಂತ್ರ ನಡೆಸುವವರು. ಓಣಿಯವರೆಲ್ಲ ಅವರನ್ನು ಆಪರೇಟರ್ ಸಾಹೇಬ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಕ್ಲರ್ಕ್ ಸಾಹೇಬ್ರ ಎಂದರು. ನಾವಿಬ್ಬರೂ ಕೊನೆಯವರೆಗೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯಲಿಲ್ಲ.

ಅವತ್ತು ಅವರು ಒಂದು ಬೈಟು ಹೇಳಿದರು. ಒಂದು ಚಹಾವನ್ನು ಎರಡು ಗ್ಲಾಸಿಗೆ ಅರ್ಧರ್ಧ ಹಾಕಿಸಿಕೊಳ್ಳುವುದು ಊರಿಗೆಲ್ಲ ರೂಢಿಯೇ. ಅವರಿಗೆ ಮಾತ್ರ ಅದು ಕೆಲಸದ ಅಗತ್ಯವಾಗಿತ್ತು. ಸಂಜೆಯ ಮೊದಲ ಆಟ ಶುರುವಾದ ಮೇಲೆ ಎರಡನೇ ಯಂತ್ರಕ್ಕೆ ಎರಡನೇ ರೀಲು ಏರಿಸಿಟ್ಟು ಅವರು ಕೆಳಗೆ ಇಳಿಯುತ್ತಿದ್ದರು. ಮೊದಲ ರೀಲು ಓಡುವುದು ಹದಿನೆಂಟು ಇಪ್ಪತ್ತು ನಿಮಿಷ. ಅದು ಮುಗಿಯುವುದರೊಳಗೆ ಮೇಲೆ ಇರಬೇಕು, ಇಲ್ಲದಿದ್ದರೆ ಪರದೆ ಬೆಳ್ಳಗಾಗುತ್ತದೆ. “ಪೂರಾ ಚಾ ಆರಾಕ ಒಂದು ಹಾಡು ಬೇಕ್ರಿ. ಅರ್ಧ ಚಾಕ್ಕ ಪಲ್ಲವಿ ಸಾಕು” ಎನ್ನುತ್ತಿದ್ದರು. ಉಳಿದರ್ಧ ಕುಡಿಯಲು ಇನ್ನೊಬ್ಬರು ಬೇಕಲ್ಲ. ಆ ಇನ್ನೊಬ್ಬ ನಾನಾದೆ.

ಗಡಿಯಾರ ಅವರಲ್ಲಿ ಇರಲಿಲ್ಲ. ಯಂತ್ರದ ಕೋಣೆಯ ಫ್ಯಾನಿನ ತೂತಿನಿಂದ ಸಿನಿಮಾದ ಸದ್ದು ರಸ್ತೆಗೆ ಬೀಳುತ್ತಿತ್ತು. ನನ್ನ ಜೊತೆ ಮಾತಾಡುತ್ತಲೇ ಅವರ ಒಂದು ಕಿವಿ ಅಲ್ಲಿರುತ್ತಿತ್ತು. ತಾಯಿ ಅತ್ತಳು, ಇನ್ನು ಎಂಟು ನಿಮಿಷ. ಹಾಡು ಶುರುವಾಯಿತು, ಇನ್ನು ನಾಲ್ಕು. ಹಾಡಿನ ಮೊದಲ ಸಾಲಿಗೆ ಗ್ಲಾಸು ಕೆಳಗಿಟ್ಟು ರಸ್ತೆ ದಾಟುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ನೋಡಿರಲಿಲ್ಲ.

ತಿನ್ನುವ ವಿಷಯದಲ್ಲೂ ಅವರ ಲೆಕ್ಕಾಚಾರ ಹೊತ್ತಿನದೇ. ಯಾವ ಅಂಗಡಿ ಒಳ್ಳೆಯದು ಎಂದು ಕೇಳಿದರೆ ನಗುತ್ತಿದ್ದರು. ಅಂಗಡಿ ಕೇಳಬಾರದು, ಹೊತ್ತು ಕೇಳಬೇಕು. ಮಿರ್ಚಿ ತಿನ್ನುವುದಾದರೆ ಟಾಕೀಸಿನ ಕಾಂಪೌಂಡಿಗೆ ಆತು ನಿಂತ ಅಕ್ಕನ ಗಾಡಿಯಲ್ಲಿ, ಅದೂ ಎರಡನೇ ಸುತ್ತಿಗೆ ಕರಿದದ್ದು. ಮೊದಲನೆಯದು ಎಣ್ಣೆ ಕಾಸುವುದಕ್ಕೆ, ಮೂರನೆಯ ಹೊತ್ತಿಗೆ ಆಕೆಗೆ ಗಡಿಬಿಡಿ. ಮಂಡಾಳ ಒಗ್ಗರಣಿಗೆ, ಎಂದರೆ ಒಗ್ಗರಣೆ ಹಾಕಿದ ಮಂಡಕ್ಕಿಗೆ, ಮೂಲೆಯ ಅಂಗಡಿ, ಮ್ಯಾಟಿನಿ ಬಿಡುವ ಹತ್ತು ನಿಮಿಷ ಮೊದಲು, ಪುಟಾಣಿ ಹಿಟ್ಟು ಕೇಳಿ ಹಾಕಿಸಿಕೊಳ್ಳಬೇಕು. ಖಾನಾವಳಿಯ ರೊಟ್ಟಿಗೆ ಏಳು ಗಂಟೆಯೊಳಗೆ ಹೋಗಬೇಕು, ಆಮೇಲೆ ಬದನೆಕಾಯಿ ಪಲ್ಯಕ್ಕೆ ನೀರು ಬೀಳುತ್ತದೆ. ತೆಲುಗರ ಮೆಸ್ಸಿನಲ್ಲಿ ಮಧ್ಯಾಹ್ನ ಮಾತ್ರ, ಗೋಂಗುರ ಎನ್ನುವ ಪುಂಡಿಪಲ್ಯದ ಖಾರದ ಚಟ್ನಿ ಮುಗಿಯುವ ಮೊದಲು, ಕಣ್ಣೊರೆಸಿಕೊಳ್ಳಲು ಕರವಸ್ತ್ರ ಇಟ್ಟುಕೊಂಡು. ಗೋಲಿ ಸೋಡಾಕ್ಕೆ ಉಪ್ಪು ನಿಂಬೆ ಹಾಕಿಸಬೇಕು, ಸಕ್ಕರೆ ಹಾಕಿದರೆ ಕುಡಿಯಬಾರದು. ಇಂಟರ್ವಲ್ಲಿನಲ್ಲಂತೂ ಯಾವ ಅಂಗಡಿಯಲ್ಲೂ ಏನೂ ತಿನ್ನಬಾರದು. “ಅದನ್ನ ಹಸಿವಿಗೆ ಕರಿಯಂಗಿಲ್ರಿ, ಗದ್ದಲಕ್ಕ ಕರೀತಾರ” ಎನ್ನುವುದು ಅವರ ಸಿದ್ಧಾಂತ.

ನಾನು ಮಾಂಸ ತಿನ್ನುವವನಲ್ಲ. ಅವರ ಸಂಬಂಧಿಕರದೇ ಒಂದು ಪಾಯಾ ಅಂಗಡಿ, ಕಾಲು ಸಾರಿನದು, ಅಲ್ಲಿತ್ತು. ಒಂದು ಭಾನುವಾರ ಬೆಳಿಗ್ಗೆ ಅದರ ಮುಂದೆ ಹಾದು ಹೋಗುವಾಗ ನನ್ನ ಕಣ್ಣಿಗೆ ಅಂಗೈ ಅಡ್ಡ ಹಿಡಿದು, “ಇದು ನಿಮ್ಮದಲ್ರಿ, ಮುಂದ ನಡೀರಿ” ಎಂದು ನಡೆಸಿಕೊಂಡು ಹೋದರು. ಅಂಗಡಿಯವರು ಬೈದರು. ಇವರು ನಕ್ಕರು.

ಹೀಗೆಲ್ಲ ಹೇಳುತ್ತಿದ್ದವರು ತಾವು ಯಾರ ಜೊತೆಗೂ ಕೂತು ಉಂಡವರಲ್ಲ. ಊರು ಉಣ್ಣುವ ಹೊತ್ತಿಗೆಲ್ಲ ಅವರ ಯಂತ್ರ ಓಡುತ್ತಿರುತ್ತಿತ್ತು. ಹೆಂಡತಿ ತೀರಿ ವರ್ಷಗಳಾಗಿದ್ದವು. ಒಬ್ಬಳೇ ಮಗಳು, ಕುಷ್ಟಗಿಗೆ ಕೊಟ್ಟಿದ್ದರು. ಡಬ್ಬಿಯ ಊಟವನ್ನು ರೀಲುಗಳ ಪೆಟ್ಟಿಗೆಯ ಮೇಲಿಟ್ಟುಕೊಂಡು ಅಂಗೈ ಅಗಲದ ಕಿಂಡಿಯಿಂದ ಪರದೆ ನೋಡುತ್ತ ಉಣ್ಣುತ್ತಿದ್ದರು. ಒಂಟಿಯಾಗಿ ಉಣ್ಣುವ ಕಲೆಯನ್ನು ನನಗೆ ಕಲಿಸಿದವರು ಅವರೇ. “ಒಬ್ಬರ ಹೋದ್ರ ಬಾಗಲಕ್ಕ ಬೆನ್ನ ಮಾಡಿ ಕುಂದರಬ್ಯಾಡ್ರಿ. ಬಾಗಲಕ್ಕ ಮಾರಿ ಮಾಡ್ರಿ. ನೋಡಿದವರು ಯಾರೋ ಬರಾವ್ರು ಅದಾರ ಅಂತ ತಿಳಕೋತಾರ, ಕನಿಕರ ಪಡಂಗಿಲ್ಲ” ಎಂದಿದ್ದರು. ನಾನು ಹಾಗೇ ಮಾಡಿದೆ. ಈಗಲೂ ಹಾಗೇ ಮಾಡುತ್ತೇನೆ.

ಎರಡು ವರ್ಷ ಹೀಗೆ ನಡೆಯಿತು. ಇಡೀ ದಿನದಲ್ಲಿ ನನಗೆ ಬೇಕಾಗಿದ್ದದ್ದು ಆ ಹದಿನೆಂಟು ನಿಮಿಷ ಮಾತ್ರ ಎಂದರೆ ಅತಿಯಾಗಿ ಹೇಳಿದಂತಲ್ಲ. ಅವರು ಇಳಿಯದ ದಿನ ಎಂದರೆ ಹೊಸ ಸಿನಿಮಾದ ಪೆಟ್ಟಿಗೆ ಬಂದ ದಿನ. ಅದೊಂದು ಅವರ ಕಟ್ಟುನಿಟ್ಟು. “ಪೆಟಗ್ಯಾಗ ಏನೈತಿ, ಏನಿಲ್ಲ, ಒಂದು ಆಟ ಓಡಿಸಿದ ಮ್ಯಾಲನ ಗೊತ್ತಾಗೂದು” ಎನ್ನುತ್ತಿದ್ದರು. ಊರೂರು ತಿರುಗಿ ಬರುವ ಹಳೆಯ ರೀಲಿನಲ್ಲಿ ಯಾವನೋ ಒಂದು ಹಾಡನ್ನೇ ಕತ್ತರಿಸಿಕೊಂಡಿರುತ್ತಿದ್ದ. ಆ ಕಾಲದಲ್ಲಿ ಅದೆಲ್ಲ ನಡೆಯುತ್ತಿತ್ತು.

ಒಂದು ಶುಕ್ರವಾರ ಅಂಥದೊಂದು ಹಳೆಯ ಸಿನಿಮಾ ಮತ್ತೆ ಬಂದಿತ್ತು. ಪೆಟ್ಟಿಗೆ ಕುಷ್ಟಗಿಯಿಂದ ತಡವಾಗಿ ಬಂದು ಮ್ಯಾಟಿನಿ ರದ್ದಾಗಿತ್ತು. ಅದು ಬಂದ ಬಸ್ಸಿನಲ್ಲೇ ನಮ್ಮ ಸೋದರಮಾವ ಕಂಡಕ್ಟರನ ಕೈಯಲ್ಲಿ ನನಗೊಂದು ಚೀಟಿ ಕಳಿಸಿದ್ದ. ನನಗೆ ನೋಡಿದ್ದ ಕುಷ್ಟಗಿಯ ಹೆಣ್ಣಿನವರು ಬೇಡ ಅಂದಿದ್ದರು. ಮೂರನೆಯ ಸಲ ಹೀಗಾಗಿದ್ದು. ಮೊದಲಿನ ಎರಡು ಸಲ ನನಗೆ ಅಷ್ಟೇನೂ ಅನ್ನಿಸಿರಲಿಲ್ಲ. ಈ ಹುಡುಗಿಯನ್ನು ನೋಡಿ ಬಂದಿದ್ದೆ, ಆಕೆ ನಕ್ಕಿದ್ದಳು, ಆ ನಗುವನ್ನು ನಂಬಿ ಎರಡು ಹೊಸ ತಟ್ಟೆ ಕೂಡ ಕೊಂಡಿದ್ದೆ. ಚಹಾದಂಗಡಿಯಲ್ಲಿ ತಲೆ ಹಿಡಿದು ಕೂತೆ. ಇವತ್ತು ಆಪರೇಟರ್ ಸಾಹೇಬರು ಇಳಿಯುವುದಿಲ್ಲ ಎಂಬುದು ಗೊತ್ತಿದ್ದೂ ಅಲ್ಲೇ ಹೋಗಿ ಕೂತೆ...

ಅವರು ಇಳಿದು ಬಂದರು. ಮೇಲಿನ ಕಿಟಕಿಯಿಂದ ನನ್ನನ್ನು ನೋಡಿದ್ದರು. ಎರಡು ವರ್ಷದಲ್ಲಿ ಅದೊಂದೇ ಸಲ ಅವರು ತಮ್ಮ ಕಟ್ಟು ಮುರಿದದ್ದು, ಮುರಿದದ್ದು ನನಗಾಗಿ. “ಯಾಕ್ರಿ, ಮಾರಿ ಹಿಂಗ್ಯಾಕ?” ಎಂದು ಕೇಳಿ ಬೈಟು ಹೇಳಿದರು. ನಾನು ಚೀಟಿ ತೋರಿಸಿದೆ. ಆಮೇಲೆ ಮಾತು ಕಟ್ಟೆ ಒಡೆದು ಬಂತು. ಕುಕನೂರಿನ ಮನೆಯದು, ಕೋಣೆಯದು, ತಟ್ಟೆಗಳದು, ಎಲ್ಲ ಹೇಳಿದೆ. ಅವರು ನಡುನಡುವೆ ಫ್ಯಾನಿನ ತೂತಿನತ್ತ ಕಿವಿ ಕೊಡುತ್ತಿದ್ದರು. ಆ ಸಿನಿಮಾವನ್ನು ವರ್ಷಗಳ ಹಿಂದೆ ತಾವೇ ಓಡಿಸಿದ್ದರಂತೆ, ಮೊದಲ ರೀಲಿನ ಕೊನೆಗೆ ಒಂದು ಹಾಡಿದೆ ಎಂದರು.

ಸ್ವಲ್ಪ ಹೊತ್ತಿಗೆ ಯಾಕೋ ಎದ್ದು ನಿಂತರು. “ಭಾಳ ಹೊತ್ತ ಆದಂಗ ಆತು” ಎಂದರು. ನಾನು ಅವರ ಮಣಿಕಟ್ಟು ಹಿಡಿದೆ.

“ಹಾಡ ಇನ್ನಾ ಬಂದಿಲ್ಲಲ್ರಿ. ಕುಂದರ್ರಿ.”

ಅವರು ಕೂತರು.

ಹಾಡು ಬರಲೇ ಇಲ್ಲ. ಅದನ್ನು ಯಾರೋ ಕತ್ತರಿಸಿಕೊಂಡಿದ್ದರು. ಮಾತಾಡುತ್ತಿದ್ದ ಸಿನಿಮಾ ರೀಲು ಮುಗಿದು ಒಮ್ಮೆಲೇ ನಿಂತಿತು, ಆಮೇಲೆ ಒಳಗಿನಿಂದ ಸೀಟಿ, ಕೂಗಾಟ, ಕುರ್ಚಿ ಮುರಿಯುವ ಸದ್ದು. ಆಪರೇಟರ್ ಸಾಹೇಬರು ಓಡಿದ ರೀತಿ ಕಣ್ಣಿಗೆ ಕಟ್ಟಿದಂತಿದೆ. ಒಂದು ಚಪ್ಪಲಿ ರಸ್ತೆಯ ನಡುವೆ ಉಳಿಯಿತು. ಅವರು ಮೇಲೆ ಮುಟ್ಟುವುದರೊಳಗೆ ಯಾರೋ ಎಸೆದ ಸೋಡಾ ಬಾಟಲಿಗೆ ಪರದೆ ಹರಿದಿತ್ತು. ಮ್ಯಾಟಿನಿ ಕಳೆದುಕೊಂಡಿದ್ದ ಮಂದಿಯ ಸಿಟ್ಟೂ ಅದರಲ್ಲಿ ಸೇರಿತ್ತು.

ಅರ್ಧ ತಾಸಿಗೆ ಟಾಕೀಸಿನ ಮಾಲೀಕರು ರಸ್ತೆ ದಾಟಿ ಚಹಾದಂಗಡಿಗೆ ಬಂದರು. ಇಲ್ಲಿ ಒಂದು ಸಂಗತಿ ಹೇಳಬೇಕು. ಆ ಮಾಲೀಕರಿಗೆ ಕಾಲುವೆಯ ಕೆಳಭಾಗದಲ್ಲಿ ಭತ್ತದ ಗದ್ದೆಗಳಿದ್ದವು. ಗದ್ದೆಗೆ ಇನ್ನೊಂದು ತೂಬು ಬೇಕೆಂದು, ಎಂದರೆ ಕಾಲುವೆಯಿಂದ ನೀರು ಬಿಡುವ ಇನ್ನೊಂದು ಕೊಳವೆ ಬೇಕೆಂದು, ಅವರು ಕೊಟ್ಟ ಅರ್ಜಿ ನನ್ನ ಮೇಜಿನ ಮೇಲಿತ್ತು. ನಿಯಮದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಅವರು ನನ್ನ ಮುಂದೆ ನಿಂತು ಬಹಳ ಮೆತ್ತಗೆ ಕೇಳಿದರು.

“ಸಾಹೇಬ್ರ, ನಮ್ಮ ಆಪರೇಟರ್ ಇಲ್ಲಿ ಯಾರ ಕೂಡ ಕುಂತಿದ್ದ, ನೋಡೀರೇನ್ರಿ?”

ನನ್ನ ಮುಂದೆ ಎರಡು ಗ್ಲಾಸುಗಳಿದ್ದವು. ನಾನೇ ಕೂತಿದ್ದೆ, ನಾನೇ ಕೈ ಹಿಡಿದು ಕೂಡಿಸಿದೆ, ತಪ್ಪು ನನ್ನದು ಎಂದರೆ ಸಾಕಿತ್ತು. ಅಷ್ಟು ಹೇಳಿದ್ದರೆ ಅವರು ಆಪರೇಟರ್ ಸಾಹೇಬರ ಕೂದಲು ಕೂಡ ಕೊಂಕಿಸುತ್ತಿರಲಿಲ್ಲ. ಅದು ಅವರ ಧ್ವನಿಯಲ್ಲೇ ಇತ್ತು, ನನಗೆ ಆಗಲೇ ತಿಳಿದಿತ್ತು. ಅದರ ಜೊತೆಗೆ ನಾಳೆ ತೂಬಿನ ಕಾಗದ ಕೇಳುತ್ತಾರೆ ಎಂಬುದೂ ತಿಳಿದಿತ್ತು. ಒಮ್ಮೆ ಅವರ ಋಣಕ್ಕೆ ಬಿದ್ದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ.

“ನಾ ಈಗ ಬಂದೀನ್ರಿ. ನೋಡಿಲ್ಲ” ಎಂದೆ.

ಚಹಾದಂಗಡಿಯವರು ಒಲೆಯ ಹತ್ತಿರ ನಿಂತಿದ್ದರು. ನನ್ನನ್ನು ನೋಡಿದರು. ಬಂದು ಎರಡೂ ಗ್ಲಾಸುಗಳನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ನೀರಿನ ತೊಟ್ಟಿಯ ಕಡೆಗೆ ಹೋದರು.

ಮರುದಿನದಿಂದ ಯಂತ್ರದ ಕೋಣೆಗೆ ಬೇರೆಯವರು ಬಂದರು. ಆಪರೇಟರ್ ಸಾಹೇಬರನ್ನು ಪೂರ್ತಿ ಬಿಡಿಸಲಿಲ್ಲ, ಗೇಟಿಗೆ ಹಾಕಿದರು. ಟಿಕೆಟು ಹರಿಯುವ ಕೆಲಸ. ಆಟ ಶುರುವಾದ ಮೇಲೂ ತಡವಾಗಿ ಬರುವವರಿಗಾಗಿ ಗೇಟು ಬಿಟ್ಟು ಹೋಗುವಂತಿಲ್ಲ. ಬೈಟು ನಿಂತಿತು. ರಸ್ತೆಯ ಆ ಕಡೆ ಅವರು, ಈ ಕಡೆ ನಾನು. ನನ್ನನ್ನು ಕಂಡರೆ ಕೈ ಎತ್ತುತ್ತಿದ್ದರು. ನಾಲ್ಕು ದಿನ ನಾನೂ ಎತ್ತಿದೆ. ಆಮೇಲೆ ಬೇರೆ ಓಣಿಯ ಹೋಟೆಲ್ಲಿಗೆ ಹೋಗತೊಡಗಿದೆ. ಕೋಣೆಗೆ ಅದೇ ಹತ್ತಿರ ಎಂದು ನನಗೆ ನಾನೇ ಹೇಳಿಕೊಂಡೆ. ಹತ್ತಿರವೇನೂ ಇರಲಿಲ್ಲ.

ತೂಬಿನ ಅರ್ಜಿಯನ್ನು ನಿಯಮದ ಪ್ರಕಾರ ತಿರಸ್ಕಾರಕ್ಕೆ ಮಂಡಿಸಿದೆ, ಮೇಲಿನವರು ಸಹಿ ಹಾಕಿದರು. ಅದನ್ನು ಎಷ್ಟು ವರ್ಷ ಎದೆಯ ಮೇಲೆ ಪದಕದ ಹಾಗೆ ಹೊತ್ತುಕೊಂಡು ತಿರುಗಿದೆ ಎಂದರೆ, ನಿವೃತ್ತಿಯ ದಿನ ಬೀಳ್ಕೊಡುಗೆಯ ಭಾಷಣದಲ್ಲೂ ಹೇಳಿದೆ. ಊರಿನ ದೊಡ್ಡ ಮನುಷ್ಯರಿಗೂ ಮಣಿದು ನಾನು ಕಾಗದ ಮುಂದೆ ಕಳಿಸಲಿಲ್ಲ ಎಂದೆ. ಚಪ್ಪಾಳೆ ಬಿತ್ತು.

ಆಪರೇಟರ್ ಸಾಹೇಬರ ಜೊತೆ ನಾನು ಆಮೇಲೆ ಮಾತಾಡಿದ್ದು ಒಂದೇ ಸಲ. ಏಳೆಂಟು ತಿಂಗಳಾಗಿತ್ತು. ಯಾವುದೋ ಕೆಲಸಕ್ಕೆ ಟಾಕೀಸಿನ ಮುಂದೆ ಬಿರಬಿರನೆ ಹೋಗುತ್ತಿದ್ದೆ. ಗೇಟಿನಿಂದ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

“ಕ್ಲರ್ಕ್ ಸಾಹೇಬ್ರ, ಆ ಖಾನಾವಳ್ಯಾಗ ಈಗ ಬದ್ನಿಕಾಯಿ ಬ್ಯಾಡ್ರಿ. ಎಣ್ಣಿ ಬದಲ ಮಾಡ್ಯಾರ. ನಿಮ್ಮ ಹೊಟ್ಟಿಗಿ ಒಗ್ಗಂಗಿಲ್ಲ.”

ಆಯ್ತು ಎಂದೆ. ತಡವಾಯಿತು ಎಂದೆ. ನಡೆದುಬಿಟ್ಟೆ. ಮುಂದಿನ ಬೇಸಿಗೆಗೆ ಯಲಬುರ್ಗಾಕ್ಕೆ ವರ್ಗವಾಯಿತು. ಆಮೇಲೆ ಕುಷ್ಟಗಿ, ಮತ್ತೆ ಯಲಬುರ್ಗಾ, ಕೊನೆಗೆ ಕೊಪ್ಪಳ. ಮದುವೆ ಆಗಲಿಲ್ಲ. ಮೂರರ ನಂತರ ನಾಲ್ಕನೆಯದನ್ನು ನೋಡುವ ಉತ್ಸಾಹ ಉಳಿದಿರಲಿಲ್ಲ. ಎರಡು ಹೊಸ ತಟ್ಟೆಗಳಲ್ಲಿ ಒಂದು ಇನ್ನೂ ಹೊಸದಾಗಿಯೇ ಇದೆ.

ಇಷ್ಟೆಲ್ಲ ಬಸ್ಸಿನಲ್ಲಿ ನೆನಪಾಯಿತು. ನಾನು ಹೊರಟಿದ್ದು ಹಳೆಯ ಸಹೋದ್ಯೋಗಿಯೊಬ್ಬರ ಮನೆಯ ಗೃಹಪ್ರವೇಶಕ್ಕೆ. ಊಟ ಮುಗಿಯಿತು, ಕೊಪ್ಪಳದ ಬಸ್ಸಿಗೆ ಹೊತ್ತಿತ್ತು, ಕಾಲುಗಳು ಟಾಕೀಸು ಓಣಿಗೆ ನಡೆದವು. ಸಂಜೆಯಾಗುತ್ತಿತ್ತು. ಗೋಬಿ ಮಂಚೂರಿಯ ಗಾಡಿಗಳು, ಮೊಮೊ, ಪಿಜ್ಜಾ, ಹೊಗೆಯಾಡುವ ಐಸ್‌ಕ್ರೀಮು, ಬಣ್ಣಬಣ್ಣದ ದೀಪದ ಸರ. ಓಣಿಯೇನೂ ಸತ್ತಿಲ್ಲ, ಮೊದಲಿಗಿಂತ ಹೆಚ್ಚು ಗದ್ದಲ. ಬಸ್ಸಿನ ಆ ಇಬ್ಬರು ಹುಡುಗಿಯರೂ ಒಂದು ಗಾಡಿಯ ಮುಂದೆ ನಗುತ್ತ ನಿಂತಿದ್ದರು, ಖುಷಿಯಾಯಿತು. ನಮ್ಮ ಆ ಟಾಕೀಸು ಮಾತ್ರ ಇಲ್ಲ. ಅದರ ಜಾಗದಲ್ಲಿ ಪೀಠೋಪಕರಣಗಳ ಮಳಿಗೆ ಇದೆ. ಫ್ಯಾನಿನ ತೂತು ಇದ್ದ ಎತ್ತರದಲ್ಲಿ ಸೋಫಾದ ಚಿತ್ರ ಹಾಕಿದ್ದಾರೆ.

ಎದುರಿನ ಚಹಾದಂಗಡಿ ಇತ್ತು. ಒಲೆಯ ಮುಂದೆ ಹಳೆಯ ಅಂಗಡಿಯವರ ಸೊಸೆ. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರೇ, ಎಂಬತ್ತರ ಹತ್ತಿರ, ಕಣ್ಣಿಗೆ ದಪ್ಪ ಕನ್ನಡಕ. ನಾನು ಯಾರೆಂದು ಹೇಳುವ ಮೊದಲೇ ಗುರುತಿಸಿದರು. “ಕ್ಲರ್ಕ್ ಸಾಹೇಬ್ರಲ್ಲೇನ್ರಿ? ಬರ್ರಿ” ಎಂದರು. ಆಪರೇಟರ್ ಸಾಹೇಬರು ಎಲ್ಲಿದ್ದಾರೆ ಎಂದು ಕೇಳಿದೆ. ಟಾಕೀಸು ಮುಚ್ಚುವವರೆಗೂ ಗೇಟಿನಲ್ಲೇ ಇದ್ದರಂತೆ. ಆಮೇಲೆ ಕುಷ್ಟಗಿಗೆ ಮಗಳ ಮನೆಗೆ ಹೋದರಂತೆ. ಅಲ್ಲೇ ತೀರಿಕೊಂಡರು, ಬಹಳ ವರ್ಷವಾಯಿತು ಎಂದರು. ನಾನು ಕುಷ್ಟಗಿಯಲ್ಲಿ ನೌಕರಿ ಮಾಡಿದ ಆ ವರ್ಷಗಳಲ್ಲಿ ಅವರು ಅದೇ ಊರಲ್ಲಿ ಇದ್ದಿರಬಹುದು. ಒಂದೇ ಸಂತೆಯಲ್ಲಿ ಕಾಯಿಪಲ್ಯ ಕೊಂಡಿರಬಹುದು...

ಮೂವತ್ತು ವರ್ಷ ಯಾರಿಗೂ ಹೇಳದ ಮಾತು ಆಗ ತಾನಾಗಿ ಬಾಯಿಗೆ ಬಂತು. ಅವತ್ತು ಅವರ ಕೈ ಹಿಡಿದು ಕೂಡಿಸಿದವನು ನಾನು, ಮಾಲೀಕರ ಮುಂದೆ ಸುಳ್ಳು ಹೇಳಿದೆ ಎಂದೆ. ಮುದುಕರು ಆಶ್ಚರ್ಯಪಡಲಿಲ್ಲ.

“ನನಗ ಗೊತ್ತಿಲ್ಲೇನ್ರಿ? ಎರಡೂ ಗ್ಲಾಸ್ ತೊಳದಾವ ನಾನ.”

ಮತ್ತೂ ಹೇಳಿದರು. ಮಾಲೀಕರಿಗೂ ಗೊತ್ತಿತ್ತಂತೆ. ಓಣಿಗೆಲ್ಲ ಗೊತ್ತಿದ್ದ ಬೈಟು ಅವರಿಗೆ ತಿಳಿಯದೆ ಇರುತ್ತದೆಯೇ. ಆ ಘಟನೆಯ ಮೇಲೆ ಎರಡು ಸಲ ಮಾಲೀಕರು ಆಪರೇಟರ್ ಸಾಹೇಬರನ್ನು ಇದೇ ಬೆಂಚಿನ ಮೇಲೆ ಕೂಡಿಸಿಕೊಂಡು ಮಾತಾಡಿದ್ದರು.

“ನಿಮ್ಮ ಕ್ಲರ್ಕಿಗೆ ಒಂದು ಮಾತ ಹೇಳು, ತೂಬಿನ ಕಾಗದ ಆಗ್ಲಿ, ನಾಳಿನ ಮಿಶೀನ್ ಖೋಲಿ ಚಾವಿ ನಿನ್ನ ಕೈಯಾಗ ಇಡ್ತೀನಿ ಅಂದ್ರು. ಎರಡೂ ಸಲ ಇವ ಒಲ್ಲೆ ಅಂದ. ಅವರು ನನ್ನ ಚಾದ ಮಂದಿ ಅದಾರ, ಕಾಗದದ ಮಂದಿ ಅಲ್ಲ ಅಂದ.”

ನನ್ನ ಕೈ ಸ್ವಚ್ಛವಾಗಿ ಉಳಿದದ್ದು ನನ್ನಿಂದ ಎಂದು ಅಷ್ಟು ವರ್ಷ ತಿಳಿದಿದ್ದೆ. ಅದನ್ನು ಉಳಿಸಿದವರು ಗೇಟಿನಲ್ಲಿ ನಿಂತು ಟಿಕೆಟು ಹರಿಯುತ್ತಿದ್ದರು, ನನ್ನ ಹೊಟ್ಟೆಗೆ ಯಾವ ಎಣ್ಣೆ ಒಗ್ಗುವುದಿಲ್ಲ ಎಂದು ನೋಡಿಕೊಳ್ಳುತ್ತಿದ್ದರು. ನಾನು ಅವರಿಗೆ ತಡವಾಯಿತು ಎಂದು ಹೇಳಿ ಹೋದೆ. ಅವರ ಮುಂದೆ ಒಮ್ಮೆ ತಲೆ ತಗ್ಗಿಸಿ ನಿಲ್ಲುವ ಅವಕಾಶ ಇನ್ನು ನನಗೆ ಯಾವತ್ತೂ ಇಲ್ಲ.

ಏನಾದರೂ ಕುಡಿಯಬೇಕಲ್ಲ ಎಂದು ಸೊಸೆಯ ಕಡೆ ತಿರುಗಿ, ಹಳೆಯ ಅಭ್ಯಾಸಕ್ಕೆ, ಒಂದು ಬೈಟು ಎಂದುಬಿಟ್ಟೆ.

“ಬೈಟು ಇಲ್ರಿ ಈಗ” ಎಂದಳು ಆಕೆ, ಸೊಂಟದ ಮೇಲೆ ಕೈಯಿಟ್ಟು. “ಪೇಪರ್ ಕಪ್ಪ ಸಣ್ಣಾವು. ಒಬ್ಬೊಬ್ಬರಿಗೆ ಒಂದೊಂದ.”

ಹೆಬ್ಬೆರಳಿನಷ್ಟು ಎತ್ತರದ ಕಪ್ಪು ಕೊಟ್ಟಳು, ಅದರಲ್ಲಿದ್ದದ್ದು ಹಳೆಯ ಬೈಟುವಿನ ಅರ್ಧ ಚಹಾದಷ್ಟೇ. ಮುದುಕರು ಕುರ್ಚಿಯಲ್ಲೇ ತೂಕಡಿಸತೊಡಗಿದ್ದರು. ನಾನು ಬಾಗಿಲಿಗೆ ಮುಖ ಮಾಡಿ ಕೂತೆ. ಎದುರಿನ ರಸ್ತೆಯಲ್ಲಿ ಮಂದಿ ತಿನ್ನುತ್ತ, ಕುಡಿಯುತ್ತ, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತ ಹೋಗುತ್ತಿದ್ದರು. ನನ್ನನ್ನು ನೋಡಿದವರು ಯಾರೋ ಬರುವವರಿದ್ದಾರೆ ಎಂದುಕೊಂಡಿರಬೇಕು. ಬರುವವರು ಯಾರೂ ಇರಲಿಲ್ಲ. ಆ ಅರ್ಧ ಚಹಾ ಆರುವ ತನಕ ಕೂತಿದ್ದು, ಕುಡಿದು, ಬಸ್ಸಿಗೆ ನಡೆದೆ.